ಈ ವರ್ಷದ ಬೆಳೆ

ಮಸ್ಕಿ ಬಸ್ ನಿಲ್ದಾಣದಲ್ಲಿ ಲಿಂಗಸುಗೂರು ಬಸ್ಸಿಗೆ ಕಾಯುತ್ತಿದ್ದ ಪಂಪಣ್ಣ ಚೀಲದ ಬಾಯಿ ಬಿಚ್ಚಿ ಮೂರನೇ ಸಲ ನೋಡಿದ. ಪಕ್ಕದಲ್ಲಿ ಕೂತಿದ್ದ ಅಕ್ಕಿ ಮಾರುವ ರಹೀಮಾಬೀ ಕೈ ಚಾಚಿ ನಾಲ್ಕು ಕಾಳು ತೆಗೆದು ಹಲ್ಲಿಗೆ ಹಾಕಿದಳು.

‘ನಸೀಬದಾರ ಅದೀಯಪಾ. ಎರಡು ವರ್ಷದ ಹಳೇ ಅಕ್ಕಿ! ಯಾರು ಕೊಟ್ರು?’

ವಳಕಮದಿನ್ನಿಯ ರೈತ ಹೆಂಗಸು ತಿಮ್ಮವ್ವನ ಹತ್ತಿರ ಪಂಪಣ್ಣ ಕೇಳಿದ್ದು ಈ ವರ್ಷದ ಅಕ್ಕಿ.

ಅದು 1996ರ ಡಿಸೆಂಬರ್. ಕೈಗಾದ ಅಣುಸ್ಥಾವರ ಇನ್ನೂ ಶುರುವಾಗಿರಲಿಲ್ಲ. ಶುರುವಾದ ಮೇಲೆ ಅಲ್ಲಿನ ಗಿಡಮರಗಳಲ್ಲಿ ವಿಕಿರಣ ಸೂಸುವ ಇಂಗಾಲ ಹೆಚ್ಚಿತೇ ಎಂದು ತಿಳಿಯಬೇಕಾದರೆ, ದೂರದ ಊರುಗಳ ಬೆಳೆಯನ್ನೂ ವರ್ಷ ವರ್ಷ ಅಳೆದಿಡಬೇಕು. ಗುರುಗುಂಟಾದ ಪಂಪಣ್ಣ ಪ್ರಯೋಗಾಲಯವೊಂದಕ್ಕೆ ಹೀಗೆ ಮಾದರಿ ಕೂಡಿಸುವ ಹಂಗಾಮಿ ನೌಕರ. ಬೆಳೆ ತಾನು ಬೆಳೆದ ವರ್ಷದ ಗಾಳಿಯಲ್ಲಿದ್ದ ಇಂಗಾಲವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹಿಂದಿನ ಬಾಂಬ್ ಪರೀಕ್ಷೆಗಳಿಂದ ಗಾಳಿ ಸೇರಿದ್ದ ವಿಕಿರಣ ಇಂಗಾಲ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಹಳೆ ಅಕ್ಕಿ ಅಳೆದರೆ ಅಂಕಿ ತುಸು ಮೇಲೇರುತ್ತದೆ. ನಾಳೆ ಸ್ಥಾವರದಿಂದ ಹೆಚ್ಚಿದ್ದು ಅದರ ಮರೆಯಲ್ಲಿ ಅಡಗಬಹುದು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಾದರಿ ಒಯ್ಯುವ ಜೀಪು ಲಿಂಗಸುಗೂರಿನಿಂದ ಮರುದಿನ ಬೆಳಿಗ್ಗೆ ಆರಕ್ಕೆ ಹೊರಡಲಿತ್ತು. ಪಂಪಣ್ಣ ಎದ್ದ, ಕೂತ, ಮತ್ತೆ ಎದ್ದ. ಲಿಂಗಸುಗೂರು ಬಸ್ಸು ಬಂದು ಹೋಯಿತು. ವಳಕಮದಿನ್ನಿಯ ಕಡೆ ಮರಳುವ ಸಿಂಧನೂರಿನ ಬಸ್ಸಿಗೆ ಓಡಿ ಜೋತುಬಿದ್ದ.

ವಳಕಮದಿನ್ನಿಯ ಕಣದಲ್ಲಿ ತಿಮ್ಮವ್ವ ಭತ್ತ ತೂರುತ್ತಿದ್ದಳು.

‘ಯವ್ವಾ, ಈ ವರ್ಷದ ಅಕ್ಕಿ ಕೇಳಿದ್ದೆ. ಹಳೇದು ಕೊಟ್ಟೀಯಲ್ಲ!’

‘ಮನಿಗೆ ಬಂದವರಿಗೆ ಹೊಸ ಅಕ್ಕಿ ಕೊಡ್ತಾರೇನೋ? ಅನ್ನ ಮುದ್ದಿ ಆಗತೈತಿ, ಹೊಟ್ಟಿ ಕೆಡತೈತಿ. ಜ್ವಾಳ ತಿನ್ನೋ ಊರವ, ನಿನಗೇನು ಗೊತ್ತು!’

‘ತಿನ್ನಾಕಲ್ಲಬೇ, ಸುಡಾಕ. ಸುಟ್ಟು ಅಳೀತಾರ.’

ಮೊರ ಗಾಳಿಯಲ್ಲೇ ನಿಂತಿತು.

‘ಅನ್ನಾ ಸುಡ್ತೀರಿ? ನನ್ನ ಕಣದಾಗಿಂದ ಒಂದು ಕಾಳೂ ಕೊಡೂದಿಲ್ಲ. ನಡೀ.’

ಹೊತ್ತು ಇಳಿಯುತ್ತಿತ್ತು. ಪಂಪಣ್ಣ ಕೈ ಮುಗಿದ. ಅವಳು ತಿರುಗಿಯೂ ನೋಡಲಿಲ್ಲ. ಕಣದ ಸುತ್ತ ಎರಡು ಸಲ ತಿರುಗಿದ. ಬಣವೆಯ ಮುಂದೆ ನಿಂತ.

‘ಈ ಹುಲ್ಲು ಯಾವಾಗಿಂದು?’

‘ಮೊನ್ನೆ ಬಡದದ್ದು. ಈ ಭತ್ತದ್ದ.’

ಅದೇ ಗಿಡ, ಅದೇ ಗಾಳಿ.

‘ಇದನ್ನ ಸುಟ್ರ?’

‘ಹುಲ್ಲು ಬೇಕಾದಷ್ಟು ಸುಡ್ರಿ. ಎತ್ತಿಗೆ ಈಟು ಉಳಸ್ರಿ’ ಎಂದು ತಿಮ್ಮವ್ವ ತಾನೇ ಒಂದು ಹೊರೆ ಕಟ್ಟಿಕೊಟ್ಟಳು.

ಬೆಳಿಗ್ಗೆ ಆರಕ್ಕೆ ಹೊರಟ ಜೀಪಿನಲ್ಲಿ ಆ ಹೊರೆ ಇತ್ತು. ಮೇ ತಿಂಗಳಲ್ಲಿ ಪ್ರಯೋಗಾಲಯದಿಂದ ಬಂದ ಕಾಗದ, ಮುಂದಿನ ವರ್ಷದಿಂದ ಅಕ್ಕಿಯ ಬದಲು ಹುಲ್ಲನ್ನೇ ತರುವಂತೆ ತಿಳಿಸಿತು.