ಸಂಪಿನ ಮುಚ್ಚಳ

ನಮ್ಮ ವಠಾರದಲ್ಲಿ ಸಮತಟ್ಟಾದ ಜಾಗ ಅಂತ ಇದ್ದದ್ದು ಒಂದೇ: ಅಂಗಳದ ನಡುವೆ ಇದ್ದ ನೀರಿನ ಸಂಪಿನ ಕಬ್ಬಿಣದ ಮುಚ್ಚಳ. ಉಳಿದದ್ದೆಲ್ಲ ಕಲ್ಲು, ಕೆಂಪು ಮಣ್ಣು, ಬಚ್ಚಲ ನೀರು ಹರಿದು ಬಿದ್ದ ಹಳ್ಳ. ಹಾಗಾಗಿ ಆ ಮುಚ್ಚಳ ಎಲ್ಲರಿಗೂ ಬೇಕು. ಬೆಳಿಗ್ಗೆ ಅದರ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಮಧ್ಯಾಹ್ನ ಹೆಂಗಸರು ಕೂತು ಅಕ್ಕಿ ಆರಿಸುತ್ತಿದ್ದರು. ಸಂಜೆ ಶಿಫ್ಟ್ ಮುಗಿಸಿ ಬಂದ ಗಂಡಸರು ಕೂತು ಓವರ್‌ಟೈಮ್ ಸುದ್ದಿ ಮಾತಾಡುತ್ತಿದ್ದರು. ನಾನು ಅದರ ಮೇಲೆ ಮೊಪೆಡ್ಡಿನ ಭಾಗಗಳನ್ನು ಬಿಚ್ಚಿ ಹರಡುತ್ತಿದ್ದೆ.

ಇದು ತೊಂಬತ್ತರ ದಶಕದ ಮಾತು. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನನಗೆ ಕೆಲಸ, ಚಿಕ್ಕಬಾಣಾವರದ ಕಡೆ ಬಾಡಿಗೆ ಮನೆ. ನಾನು ಶಿರಾ ಕಡೆಯ ಸಣ್ಣ ಊರಿನವನು, ಶಾಲೆಗೆ ಸೇರಿದ್ದೇ ತಡವಾಗಿ. ಹತ್ತನೇ ತರಗತಿಯ ಪರೀಕ್ಷೆ ಬರೆಯಲು ಹೋದಾಗ ನನಗೆ ದಪ್ಪ ಮೀಸೆ ಇತ್ತು. ಗೇಟಿನಲ್ಲಿದ್ದ ಜವಾನ ಯಾರೋ ಮೇಷ್ಟ್ರು ಅಂತ ತಿಳಿದು ನಮಸ್ಕಾರ ಮಾಡಿದ್ದ. ಹಾಗೆ ತಡವಾಗಿ ಕಲಿತದ್ದರಿಂದಲೋ ಏನೋ, ಹೊಸದಾಗಿ ಏನು ಕಲಿತರೂ ಅದನ್ನು ನಾಲ್ಕು ಜನ ನೋಡಲಿ ಅನ್ನುವ ಆಸೆ ನನಗೆ ಬಹಳ ಇತ್ತು.

ಕಾರ್ಖಾನೆಯ ಫಿಟ್ಟರ್ ಒಬ್ಬರು ಊಟದ ಬಿಡುವಿನಲ್ಲಿ ಪ್ಲಗ್ ಉಜ್ಜುವುದು, ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು, ಬ್ರೇಕ್ ಬಿಗಿ ಮಾಡುವುದು ಹೇಳಿಕೊಟ್ಟಿದ್ದರು. ಅಂದಿನಿಂದ ಮೆಕ್ಯಾನಿಕ್ ಹತ್ತಿರ ಹೋಗುವುದನ್ನು ಬಿಟ್ಟೆ. ಗಾಡಿಗೆ ಏನೂ ಆಗದಿದ್ದರೂ ಬಿಚ್ಚುತ್ತಿದ್ದೆ. ಮನೆಯ ಮುಂದೆ ನೆರಳಿನಲ್ಲಿ ಮಾಡಬಹುದಿತ್ತು. ಆದರೆ ಅಲ್ಲಿ ಯಾರು ನೋಡುತ್ತಾರೆ? ಸಂಪಿನ ಮುಚ್ಚಳವೇ ಬೇಕು.

ಎದುರು ಮನೆಯಲ್ಲಿ ಹಾವೇರಿ ಕಡೆಯ ಒಬ್ಬ ಹೆಂಗಸು ತಮ್ಮ ಮಗನ ಜೊತೆ ಇದ್ದರು. ಮಗ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸ ಮಾಡುತ್ತಿದ್ದ. ಆಕೆಯನ್ನು ವಠಾರವೆಲ್ಲ ಅವ್ವ ಅಂತಲೇ ಕರೆಯುತ್ತಿತ್ತು. ಅವರ ಮಗಳು ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಭಾನುವಾರ ಅವಳಿಗೆ ಕುಬಸ, ನಮ್ಮ ಕಡೆ ಸೀಮಂತ ಅನ್ನುತ್ತೇವಲ್ಲ, ಅದು. ಬೀಗರು ಊರಿಂದ ಬರುವವರಿದ್ದರು. ಬೆಂಗಳೂರಿನ ಈ ಮನೆಯನ್ನು ಅವರು ನೋಡುವುದು ಅದೇ ಮೊದಲು. ‘ಬಾಡಗಿ ಖೋಲ್ಯಾಗ ಕುಬಸ ಹೆಂಗ ಮಾಡ್ತೀರಿ’ ಅಂತ ಬೀಗಿತ್ತಿ ಆಗಲೇ ಒಂದು ಮಾತು ಅಂದಿದ್ದಳಂತೆ. ಅವ್ವ ಅದನ್ನು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡು, ಸೆರಗಿನಿಂದ ಮೂಗು ಒರೆಸಿಕೊಂಡು, ‘ಮಾಡಿ ತೋರಸ್ತೀನಿ ನೋಡವಾ’ ಅಂದಿದ್ದರು.

ನಮ್ಮ ಕಡೆ ನೀರು ಬಿಡುತ್ತಿದ್ದದ್ದು ವಾರಕ್ಕೆ ಎರಡು ಸಲ. ಪುಣ್ಯಕ್ಕೆ ಆ ಶನಿವಾರ ಬೆಳಿಗ್ಗೆಯೇ ಬಂದು ಸಂಪು ತುಂಬಿತ್ತು. ಅವ್ವ ಮುಚ್ಚಳ ಎತ್ತಿಸಿ ಒಳಗೆ ಇಣುಕಿ, ನೀರು ನೋಡಿ ಕೈ ಮುಗಿದರಂತೆ.

ಮಧ್ಯಾಹ್ನ ಮೊದಲ ಶಿಫ್ಟ್ ಮುಗಿಸಿ ಬರುವಾಗ ನನ್ನ ಮೊಪೆಡ್ಡು ದಾರಿಯಲ್ಲಿ ಎರಡು ಸಲ ನಿಂತಿತು. ಪೆಟ್ರೋಲಿನಲ್ಲಿ ಕಸ ಇರಬೇಕು ಅನ್ನಿಸಿತು. ಬಟ್ಟೆ ಬದಲಾಯಿಸಿ, ರೇಷನ್ ಸೀಮೆಎಣ್ಣೆಯನ್ನು ಒಂದು ಬೋಗುಣಿಗೆ ಸುರಿದುಕೊಂಡು ಸಂಪಿನ ಮುಚ್ಚಳದ ಮೇಲೆ ಇಟ್ಟೆ. ಪಕ್ಕದಲ್ಲೇ ಗಾಡಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ.

ಅವ್ವ ಬಾಗಿಲಲ್ಲಿ ಕೊಬ್ಬರಿ ತುರಿಯುತ್ತಿದ್ದರು.

‘ತಮ್ಮಾ, ಇವತ್ತೊಂದಿನ ಅಲ್ಲಿ ಬ್ಯಾಡೋ. ಕೆಳಗ ನೀರೈತಿ.’

‘ಮುಚ್ಚಿದೆಯಲ್ಲ ಅವ್ವ. ಕಬ್ಬಿಣದ ಮುಚ್ಚಳ. ಏನಾಗುತ್ತೆ?’

‘ಏನೂ ಆಗೂದಿಲ್ಲ ಖರೆ. ಆದ್ರೂ…’

‘ನೀವು ಹೋಳಿಗೆ ಕಡೆ ನೋಡ್ಕೊಳಿ, ನಾನು ಗಾಡಿ ಕಡೆ ನೋಡ್ಕೋತೀನಿ’ ಅಂದೆ. ಅಲ್ಲಿದ್ದ ಹೆಂಗಸರು ನಕ್ಕರು. ನನಗೆ ಖುಷಿಯಾಯಿತು.

ಕಾರ್ಬೊರೇಟರ್ ಬಿಚ್ಚಿ, ಎಲ್ಲವನ್ನೂ ಬೋಗುಣಿಯಲ್ಲಿ ಅದ್ದಿ ಬ್ರಷ್ ಹಾಕಿ ಉಜ್ಜಿ, ಪೆಟ್ರೋಲು ಹಾಯುವ ಸಣ್ಣ ಜೆಟ್ಟನ್ನು ಬಾಯಲ್ಲಿ ಊದಿದೆ. ತೊಳೆದ ಭಾಗಗಳನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಅದರ ಮೇಲೆಯೇ ಸಾಲಾಗಿ ಇಟ್ಟೆ. ಆಮೇಲೆ ಪ್ಲಗ್ ಬಿಚ್ಚೋಣ ಅಂತ ಸ್ಪ್ಯಾನರ್ ಹಾಕಿ ಎಳೆದೆ. ಅದು ಬಿಗಿಯಾಗಿತ್ತು. ಜೋರಾಗಿ ಎಳೆದೆ. ಮಣ್ಣಿನಲ್ಲಿ ಸ್ಟ್ಯಾಂಡ್ ಜಾರಿ ಗಾಡಿ ವಾಲಿ ಬೋಗುಣಿಯ ಮೇಲೆ ಬಿತ್ತು.

ಆ ಮುಚ್ಚಳಕ್ಕೆ ಎತ್ತುವ ಬಳೆ ಇತ್ತು. ಬಳೆಯ ಬುಡದಲ್ಲಿ ತುಕ್ಕು ತಿಂದು ಹೆಬ್ಬೆರಳಷ್ಟು ತೂತು ಬಿದ್ದಿತ್ತು. ಇಷ್ಟು ದಿನ ಅದರ ಮೇಲೆ ಕೂತೆದ್ದ ನಮಗೆಲ್ಲ ಆ ತೂತು ಗೊತ್ತು. ಕೊಳೆ ತೊಳೆದು ಕರಿಯಾದ ಸೀಮೆಎಣ್ಣೆ ನನ್ನ ಕಣ್ಣೆದುರೇ ಸುತ್ತಿ ಸುತ್ತಿ ಆ ತೂತಿನೊಳಕ್ಕೆ ಇಳಿದು ಹೋಯಿತು. ನಾನು ಅಂಗೈ ಅಡ್ಡ ಇಟ್ಟೆ. ಬೆರಳುಗಳ ಸಂದಿಯಿಂದ ಇಳಿಯಿತು.

ಮೊದಲು ಮಾತಾಡಿದವಳು ಒಳಗೆ ಮಲಗಿದ್ದ ಅವ್ವನ ಮಗಳು. ಬಸುರಿಯರ ಮೂಗು ಅಂದರೆ ಹೇಳಬೇಕೇ? ‘ಅವ್ವಾ, ಚಿಮಣಿ ಎಣ್ಣಿ ವಾಸನಿ ಯಾಕ ಬರಾಕತ್ತೈತಿ?’ ಅಂದಳು.

ಅವ್ವ ಬಂದು ಮುಚ್ಚಳ ಎತ್ತಿಸಿದರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿಕೊಂಡಿತ್ತು. ಅವರು ನನ್ನನ್ನು ನೋಡಲಿಲ್ಲ. ನೀರನ್ನೇ ನೋಡುತ್ತಾ ‘ನಾಳೆ ಬೀಗರು ಬರ್ತಾರ’ ಅಂದರು, ನನಗೆ ಗೊತ್ತಿಲ್ಲದ ಸುದ್ದಿ ಹೇಳುವ ಹಾಗೆ. ಬೈದಿದ್ದರೆ ನಾನೂ ಏನಾದರೂ ಮಾತಾಡಬಹುದಿತ್ತು.

ಮಹಡಿಯಿಂದ ಓನರ್ ಇಳಿದು ಬಂದರು.

‘ಏನ್ರೀ ಇದು, ಸಂಪಾ ಗ್ಯಾರೇಜಾ? ಮಂಗಳವಾರದವರೆಗೂ ನೀರು ಬರಲ್ಲ ಕಣ್ರೀ! ಇಷ್ಟು ಮನೆ ಜನ ಏನ್ ಕುಡೀಬೇಕು, ಪೆಟ್ರೋಲಾ?’

‘ತೊಳೆದು ಕೊಡ್ತೀನಿ ಸಾರ್.’

‘ತೊಳೀದೆ ಇನ್ನೇನ್ ಮಾಡ್ತೀರ. ಇಳೀರಿ.’

ಬಕೆಟ್ಟುಗಳು ಬಂದವು. ನೀರು ಮೊಗೆದು ಮೊಗೆದು ಬೀದಿಗೆ ಚೆಲ್ಲಿದೆವು. ಅಷ್ಟು ನೀರು ಮೋರಿಗೆ ಹೋಗುವುದನ್ನು ಆ ಬೀದಿ ಎಂದೂ ನೋಡಿರಲಿಲ್ಲ. ಅಕ್ಕಪಕ್ಕದವರು ಮನೆಯಿಂದ ಹೊರಗೆ ಬಂದು ನಿಂತರು. ಕೆಲವರು ಪಾಯಿಖಾನೆಗಾದರೂ ಆಗಲಿ ಅಂತ ಕೊಡ ತುಂಬಿಕೊಂಡರು. ಯಾರೋ ಕೇಳಿದರು, ‘ಯಾಕಣ್ಣಾ ಚೆಲ್ತಾ ಇದೀರಾ?’ ‘ನಮ್ಮ ಮೆಕ್ಯಾನಿಕ್‌ನ ಕೇಳಿ’ ಅಂದ ಅವ್ವನ ಮಗ. ಅಲ್ಲಿಯವರೆಗೆ ಅವನು ನನ್ನನ್ನು ಅಣ್ಣಾ ಅನ್ನುತ್ತಿದ್ದ.

ಕೊನೆಗೆ ನಾನೇ ಒಳಗೆ ಇಳಿದು, ಸೋಪಿನ ಪುಡಿ ಹಾಕಿ ಗೋಡೆ ತಿಕ್ಕಿದೆ. ಮೇಲೆ ನೋಡಿದರೆ ಚೌಕಾಕಾರದ ಆಕಾಶ, ಅದರ ಸುತ್ತ ಇಡೀ ವಠಾರದ ಮುಖಗಳು. ನಾಲ್ಕು ಜನ ನೋಡಲಿ ಅಂತ ಆಸೆಪಟ್ಟವನನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅವತ್ತೇ.

‘ಆ ಮೂಲಿ ತಿಕ್ಕು ತಮ್ಮಾ’ ಅಂದರು ಅವ್ವ. ತಿಕ್ಕಿದೆ. ‘ಈ ಮೂಲಿ’ ಅಂದರು. ಅದನ್ನೂ ತಿಕ್ಕಿದೆ.

ಸಂಪು ತೊಳೆದದ್ದಾಯಿತು. ನಾಳೆಯ ಅಡುಗೆಗೆ, ಕುಡಿಯಲು ನೀರು? ನಮ್ಮ ಕಾರ್ಖಾನೆಯಲ್ಲಿ ಬೋರ್‌ವೆಲ್ ಇತ್ತು, ವಾಚ್‌ಮನ್ ಪರಿಚಯದವರು. ತರುತ್ತೇನೆ ಅಂದೆ.

‘ಯಾವುದರಲ್ಲಿ ತರ್ತೀರಿ?’ ಅಂದಳು ನನ್ನ ಹೆಂಡತಿ. ಅಷ್ಟು ಹೊತ್ತೂ ಅವಳು ಬಾಗಿಲ ಹಿಂದೆಯೇ ಇದ್ದಳು. ‘ಗಾಡಿ ಬಟ್ಟೆ ಮೇಲೆ ಮಲಗಿದೆಯಲ್ಲ.’

ನಿಜ. ಕಾರ್ಬೊರೇಟರ್ ಇನ್ನೂ ಬಿಡಿಬಿಡಿಯಾಗಿ ಬಿದ್ದಿತ್ತು. ಎಲ್ಲರ ಎದುರು ಕೂತು ಜೋಡಿಸಿದೆ. ಈ ಸಲ ನೆಲದ ಮೇಲೆ, ಮನೆಯ ಮುಂದೆ. ಸ್ಕ್ರೂ ಎರಡು ಸಲ ಜಾರಿ ಬಿತ್ತು. ಯಾರೂ ಎತ್ತಿ ಕೊಡಲಿಲ್ಲ. ಪೆಡಲ್ ತುಳಿದೆ. ಸ್ಟಾರ್ಟ್ ಆಯಿತು. ಕೊಂಡ ದಿನದಿಂದಲೂ ಆ ಗಾಡಿ ಅಷ್ಟು ಚೆನ್ನಾಗಿ ಸ್ಟಾರ್ಟ್ ಆದದ್ದನ್ನು ನಾನು ಕೇಳಿರಲಿಲ್ಲ. ಅದು ಕೆಮ್ಮಿ ನಿಂತುಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ಪೀಣ್ಯಕ್ಕೆ ಹೋಗಿ ನೀರು ತಂದೆ. ಒಂದು ಕ್ಯಾನಿಗೆ ಮುಚ್ಚಳ ಇರಲಿಲ್ಲ, ಬಟ್ಟೆ ತುರುಕಿದ್ದೆ. ಅವ್ವ ಒಂದು ಲೋಟ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

‘ನೀ ಕುಡದು ಹೇಳು.’

ಕುಡಿದೆ. ಕೈ ಸೀಮೆಎಣ್ಣೆ, ಮೀಸೆ ಸೀಮೆಎಣ್ಣೆ, ಜೆಟ್ ಊದಿದ ಬಾಯಿಯೂ ಸೀಮೆಎಣ್ಣೆ. ಲೋಟದ ಒಳಗೆ ವಾಸನೆ ಇದೆಯೋ ಹೊರಗೆ ಇದೆಯೋ ತಿಳಿಯಲಿಲ್ಲ. ಚೆನ್ನಾಗಿದೆ ಅಂದುಬಿಡೋಣ ಅನ್ನಿಸಿತು. ಅವರ ಮುಖ ನೋಡಿದೆ.

‘ನಂಗೆ ಗೊತ್ತಾಗ್ತಿಲ್ಲ ಅವ್ವ.’

ಮಗಳನ್ನು ಕರೆದರು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಂದು, ಲೋಟ ಮೂಗಿನ ಹತ್ತಿರ ತಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ನಾನು ಕ್ಯಾನಿನ ಬಾಯಿಗೆ ತುರುಕಿದ್ದು ಕಾರ್ಬೊರೇಟರ್ ಒರೆಸಿದ ಅದೇ ಬನಿಯನ್ ಬಟ್ಟೆ.

ಹೆಂಡತಿ ಸೀಗೆಪುಡಿ, ಹುಣಸೆಹಣ್ಣು ತಂದು ನನ್ನ ಕೈಗೆ ಹಾಕಿದಳು. ಮಗುವಿಗೆ ತೊಳೆಯುವ ಹಾಗೆ ಮೊಣಕೈವರೆಗೂ ತಿಕ್ಕಿಸಿದಳು. ಕ್ಯಾನುಗಳನ್ನು ತಾನೇ ಬೂದಿ ಹಾಕಿ ತೊಳೆದು, ಬಾಯಿಗೆ ಬಾಳೆಲೆ ಕಟ್ಟಿ ಕಳಿಸಿದಳು. ಮತ್ತೆ ಹೋದೆ, ಮತ್ತೆ ತಂದೆ. ದೀಪ ಹಚ್ಚುವ ಹೊತ್ತಿಗೆ ಆ ಹುಡುಗಿ ಮತ್ತೊಂದು ಲೋಟ ಹಿಡಿದು, ಮೂಸಿ, ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ವಠಾರವೆಲ್ಲ ಅವಳ ಗಂಟಲನ್ನೇ ನೋಡುತ್ತಿತ್ತು.

‘ಹ್ಞೂಂ, ನಡೀತೈತಿ’ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಅಣ್ಣಾರ, ನೀವು ಮಾತ್ರ ಇತ್ತಾಗ ಬರಬ್ಯಾಡ್ರಿ’ ಅಂತ ಮೂಗು ಹಿಡಿದುಕೊಂಡು ನಕ್ಕಳು. ಆಗ ಎಲ್ಲರೂ ನಕ್ಕರು.

ಮತ್ತೂ ಒಂದಷ್ಟು ಸಲ ಹೋಗಿ ಅವ್ವನ ಡ್ರಮ್ಮು, ಕೊಡಗಳನ್ನೆಲ್ಲ ತುಂಬಿಸಿದೆ. ಉಳಿದ ಮನೆಗಳಿಗೂ ಮಂಗಳವಾರದವರೆಗೆ ಹಾಗೆಯೇ ತಂದುಕೊಟ್ಟೆ.

ಮರುದಿನ ಕುಬಸಕ್ಕೆ ನಾನು ಹೋಗುವುದಿಲ್ಲ ಅಂತಿದ್ದೆ. ಅವ್ವ ಮಗನನ್ನು ಕಳಿಸಿದರು. ಹೋಗದಿದ್ದರೂ ತಪ್ಪು, ಹೋದರೂ ತಪ್ಪು. ಹೋಗಿ ಪಂಕ್ತಿಯ ಕೊನೆಯಲ್ಲಿ, ಬಾಗಿಲ ಹತ್ತಿರ, ಗಾಳಿ ಬರುವ ಕಡೆ ಕೂತೆ. ಬೀಗಿತ್ತಿ ಒಳಗೆ ಸೊಸೆಯ ಪಕ್ಕ ಕೂತಿದ್ದಳು. ಬೀಗರು ಹಿರಿಯರು, ದೊಡ್ಡ ರುಮಾಲಿನವರು. ಒಂದು ಲೋಟ ನೀರು ಪೂರ್ತಿ ಕುಡಿದು ಕೆಳಗಿಟ್ಟರು.

‘ಬೆಂಗಳೂರಾಗ ಇಂಥಾ ಸಿಹಿ ನೀರು ಐತೇನ್ರಿ ಬೀಗ್ತೆರ?’

‘ಈ ತಮ್ಮ ಪೀಣ್ಯಾದಿಂದ ತಂದಾನ್ರಿ. ಗಾಡಿ ಮ್ಯಾಲೆ’ ಅಂದರು ಅವ್ವ, ನನ್ನ ಕಡೆ ಕೈ ತೋರಿಸಿ.

‘ಅಷ್ಟು ದೂರದಿಂದ ಯಾಕ್ರಿ? ಇಲ್ಲಿ ನೀರಿಲ್ಲೇನು?’

ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. ಓನರ್ ಕೆಮ್ಮಿದರು. ಅವ್ವನ ಮಗ ಎಲೆ ನೋಡುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ಬೀಗರ ಕಡೆಯವರನ್ನು ಬಿಟ್ಟು.

‘ಇತ್ತರಿ’ ಅಂದರು ಅವ್ವ. ‘ಮಗಳ ಕುಬಸಕ್ಕ ಇನ್ನೂ ಚೊಲೋ ನೀರು ಬೇಕಂತ ನಾನ ಕಳಸಿದ್ದೆ. ಪಾಪ, ಇಲ್ಲ ಅನ್ನಲಿಲ್ಲ.’

‘ಭಾಳ ದೊಡ್ಡ ಮನಸ್ಸು ನಿಮ್ಮದು’ ಅಂದರು ಹಿರಿಯರು ನನಗೆ, ಎರಡೂ ಕೈ ಎತ್ತಿ ಮುಗಿದು. ಪರೀಕ್ಷೆಯ ಗೇಟಿನ ಜವಾನ ನೆನಪಾದ. ನಾನು ಎಂಜಲು ಕೈಯಲ್ಲೇ ವಾಪಸು ಮುಗಿದೆ.

ಸಂಜೆ ಬೀಗರು ಹೊರಟ ಮೇಲೆ ಅವ್ವನ ಹತ್ತಿರ ಹೋಗಿ ಏನಾದರೂ ಹೇಳಬೇಕು ಅಂದುಕೊಂಡೆ. ಅವರು ಪಾತ್ರೆ ತೊಳೆಯುತ್ತಿದ್ದರು. ‘ಊಟ ಆತಿಲ್ಲ? ಹೋಗು, ಮಲಕ್ಕೋ’ ಅಂದರು. ಆ ವಿಷಯವನ್ನು ಅವರು ಮತ್ತೆ ಎಂದೂ ಎತ್ತಲಿಲ್ಲ.

ಆದರೆ ಅಂದಿನಿಂದ ಒಂದು ಅಭ್ಯಾಸ ಶುರುವಾಯಿತು. ನಾನು ಮನೆಯ ಮುಂದೆ ಟೂಲ್ಸ್ ಚೀಲ ಬಿಚ್ಚಿದ ಸದ್ದು ಕೇಳಿದರೆ ಸಾಕು, ಅವ್ವ ಅಕ್ಕಿಯ ಮೊರ ಹಿಡಿದು ಬಂದು ಸಂಪಿನ ಮುಚ್ಚಳದ ಮೇಲೆ, ಸರಿಯಾಗಿ ಆ ತೂತಿನ ಮೇಲೆ, ಕೂತುಬಿಡುತ್ತಿದ್ದರು. ನಾನು ಎಷ್ಟು ದೂರ ಇದ್ದರೂ ಸರಿಯೇ. ನನ್ನ ಕೆಲಸ ಮುಗಿಯುವವರೆಗೆ ಅಕ್ಕಿ ಆರಿಸುತ್ತಿದ್ದರು, ಅಕ್ಕಿಯಲ್ಲಿ ಕಲ್ಲಿರಲಿ ಇಲ್ಲದಿರಲಿ. ಓನರ್ ಸಿಮೆಂಟು ಮೆತ್ತಿ ತೂತು ಮುಚ್ಚಿಸಿದ ಮೇಲೂ ಕೂರುತ್ತಿದ್ದರು.

ಒಂದು ಸಲ ಗಾಡಿಯ ಚಕ್ರಕ್ಕೆ ಗಾಳಿ ಹೊಡೆಯೋಣ ಅಂತ ಬರೀ ಪಂಪು ತೆಗೆದುಕೊಂಡು ಹೊರಗೆ ಬಂದೆ. ಎದುರು ಮನೆಯಲ್ಲಿ ಮೊರದ ಸದ್ದಾಯಿತು.

‘ಗಾಳಿ ಅಷ್ಟೇ ಅವ್ವ’ ಅಂದೆ.

‘ಹೊಡಿಯಪ್ಪಾ, ಹೊಡಿ’ ಅನ್ನುತ್ತಾ ಬಂದು ಕೂತರು.