ಕೇರಿಗೆ ನೀರು ನಿಲ್ಲಿಸಿದ್ದು

ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ, ಬುಸುಗುಟ್ಟುತ್ತ, ಕೆಮ್ಮುತ್ತ. ಆ ಎರಡು ನಿಮಿಷ ನಾನು ಅಲ್ಲಿ ನಿಲ್ಲಲಾರೆ. ಏನೋ ಕೆಲಸವಿದ್ದವನ ಹಾಗೆ ಹಿತ್ತಲಿಗೆ ಹೋಗುತ್ತೇನೆ. ನಿವೃತ್ತನಿಗೆ ಹಿತ್ತಲಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಂಪಸಾಗರದ ಕಡೆಯ ಒಂದು ಊರಿನ ಪಂಚಾಯ್ತಿಯಲ್ಲಿ ಗುಮಾಸ್ತನಾಗಿದ್ದೆ. ಚಿಕ್ಕ ಕುರ್ಚಿ, ಆದರೆ ಅದರಲ್ಲಿ ಕೂತವನ ಗತ್ತು ತಹಶೀಲ್ದಾರನದು. ಒಮ್ಮೆ ಪಂಪ್‌ಹೌಸಿನ ತಾಮ್ರದ ಕೇಬಲ್ ಕಳುವಾಯಿತು. ಪಂಪ್‌ಹೌಸ್ ಇದ್ದದ್ದು ಕೇರಿಯ ಪಕ್ಕದಲ್ಲಿ. ಸಾಕ್ಷಿ ಎಂದು ಇದ್ದದ್ದು ಅಷ್ಟೇ. ಅಧ್ಯಕ್ಷರು ಕೇರಿಯವರನ್ನು ಕರೆಸಿ ಕೇಳಿದರು. ಯಾರೂ ಬಾಯಿಬಿಡಲಿಲ್ಲ.

"ಎಲ್ಲಾರೂ ಕೂಡಿ ಮುಚ್ಚಿಡಾಕತ್ಯಾರ," ಎಂದರು ಅಧ್ಯಕ್ಷರು.

"ಹೊಸ ಕೇಬಲ್ ಹಾಕಿಸಿದ ಮ್ಯಾಲ ಊರಿಗೆ ನೀರು ಬಿಡೋಣ್ರಿ. ಕೇರಿ ವಾಲ್ವು ಮಾತ್ರ ಬಂದ್ ಇರ್ಲಿ. ತಾವಾಗೇ ಹೇಳ್ತಾರ," ಎಂದವನು ನಾನು.

ಹೌದು, ಉಪಾಯ ನನ್ನದು. ಒಬ್ಬ ಕದ್ದ, ಉಳಿದವರು ನೋಡಿಯೂ ಸುಮ್ಮನಿದ್ದಾರೆ, ಎಲ್ಲರೂ ಅನುಭವಿಸಲಿ: ಲೆಕ್ಕ ಸರಿಯಾಗಿಯೇ ಇದೆ ಎನಿಸಿತ್ತು. ಕೇರಿಯ ಬೋರಿಂಗಿನ ನೀರು ಬರೀ ಸವಳು. ಹೆಂಗಸರು ಕೊಡ ಹೊತ್ತು ಕಾಲುವೆಗೆ ನಡೆದರು. ನಾನು ಕಚೇರಿಯ ಕಿಟಕಿಯಿಂದ ನೋಡುತ್ತಿದ್ದೆ. ಅವರು ಸಾಲಾಗಿ ಹೋಗುವುದನ್ನು ಕಂಡು, ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದುಕೊಳ್ಳುತ್ತಿದ್ದೆ.

ಹನ್ನೊಂದನೆಯ ದಿನ ದುರುಗಪ್ಪ ಬಂದ. ಗೌಂಡಿ ಕೆಲಸದವನು, ನಮ್ಮ ಕಚೇರಿಯ ಗೋಡೆ ಕಟ್ಟಿದ್ದೂ ಅವನೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನಿಂತ.

"ಕೇಬಲ್ ನಾನ ಕದ್ದೀನ್ರಿ. ನೀರು ಬಿಡ್ರಿ."

ಹಾಳೆ ತೆಗೆದೆ. "ಎಲ್ಲಿ ಮಾರಿದಿ?"

"ಅದನ್ನೂ ನೀವ ಬರಕೊಳ್ರಿ ಸಾರ್. ಮನಿಯಾಗ ಮಗಳು ಬಾಣಂತಿ ಅದಾಳ."

ಅಷ್ಟು ಕೇಳಿದ ಮೇಲೆ ಪೆನ್ನು ಕೆಳಗಿಡಬೇಕಿತ್ತು. ಇಡಲಿಲ್ಲ. ಹೊಸಪೇಟೆಯ ಯಾರೋ ಗುಜರಿಯವನಿಗೆ ಮಾರಿದ ಎಂದು ನಾನೇ ಬರೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಧ್ಯಾಹ್ನ ವಾಲ್ವು ತೆರೆಸಿದೆವು. ಕೇರಿಯ ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬಂತು, ಬುಸುಗುಟ್ಟುತ್ತ, ಕೆಮ್ಮುತ್ತ. ಸಂಜೆಗೆ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ನನ್ನ ಉಪಾಯ ಫಲಿಸಿತೆಂದು ಅಧ್ಯಕ್ಷರು ನಾಲ್ಕು ಜನರೆದುರು ಹೊಗಳಿದರು. ನಾನು ನಕ್ಕೆ.

ಮುಂದೆ ಸುತ್ತಲಿನ ಯಾವ ಊರಲ್ಲಿ ಏನು ಕಳುವಾದರೂ ದುರುಗಪ್ಪನನ್ನು ಠಾಣೆಗೆ ಕರೆಸಿ ದಿನವಿಡೀ ಕೂಡಿಸುತ್ತಿದ್ದರು. ಗೌಂಡಿ ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ಕಳ್ಳನ ಮಗಳು ಬೇಡವೆಂದು ಅಳಿಯನ ಮನೆಯವರು ಬಾಣಂತಿಯನ್ನೂ ಕೂಸನ್ನೂ ಕರೆದೊಯ್ಯಲು ಬರಲೇ ಇಲ್ಲ.

ಮರುವರ್ಷ ಕಂದಾಯ ವಸೂಲಿಗೆಂದು ಅಧ್ಯಕ್ಷರ ಷಡ್ಡಕನ ತೋಟಕ್ಕೆ ಹೋಗಿದ್ದೆ. ಅವನ ಪಂಪಿಗೆ ಜೋಡಿಸಿದ್ದ ಕೇಬಲ್ಲಿನ ಮೇಲೆ ಕೆಂಪು ಬಣ್ಣದ ಗುರುತಿತ್ತು. ಪಂಚಾಯ್ತಿಯದೆಂದು ತಿಳಿಯಲಿ ಅಂತ ನಾನೇ ಹಚ್ಚಿದ್ದ ಬಣ್ಣ. ಷಡ್ಡಕ ಮಜ್ಜಿಗೆ ಕೊಟ್ಟ. ಕುಡಿದು ಬಂದೆ. ಯಾರಿಗೂ ಹೇಳಲಿಲ್ಲ. ಕಳವನ್ನು ಮುಚ್ಚಿಟ್ಟವರಿಗೆ ಶಿಕ್ಷೆಯಾಗಬೇಕು ಎಂದವನು ನಾನು. ನನ್ನ ಮನೆಯ ನೀರನ್ನು ಯಾರೂ ನಿಲ್ಲಿಸಲಿಲ್ಲ. ಹರಪನಹಳ್ಳಿಗೆ ವರ್ಗವಾಗಿ, ಬಡ್ತಿ ಪಡೆದು, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಅಷ್ಟರಲ್ಲಿ ದುರುಗಪ್ಪ ತೀರಿಹೋಗಿದ್ದ.

ಮೊನ್ನೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವನ ಮಗಳು ಕಂಡಳು. ಅವಳೇ ಗುರುತು ಹಿಡಿದು ಮಾತಾಡಿಸಿದಳು. ಈಗ ಅಂಗನವಾಡಿಯಲ್ಲಿ ಕೆಲಸ. ನನಗೆ ತಡೆಯಲಾಗಲಿಲ್ಲ.

"ನಿಮ್ಮಪ್ಪ ಕದ್ದಿರಲಿಲ್ಲಮ್ಮ," ಎಂದೆ.

"ಗೊತ್ತೈತ್ರಿ. ಅಧ್ಯಕ್ಷರ ಷಡ್ಡಕನ ಟ್ರ್ಯಾಕ್ಟರ್ ಬಂದದ್ದು ಕೇರಿಯವ್ರೆಲ್ಲಾ ನೋಡಿದ್ರು. ಯಾರ ಮುಂದ ಹೇಳಬೇಕಿತ್ರಿ, ಅಧ್ಯಕ್ಷರ ಮುಂದ?" ಆಮೇಲೆ ಕೇಳಿದಳು, "ನಿಮಗ ಯಾವಾಗ ಗೊತ್ತಾತು?"

"ಅವ ಕದ್ದಿಲ್ಲ ಅನ್ನೋದು ಬರಕೊಳ್ಳಾಗ ಗೊತ್ತಿತ್ತಮ್ಮ."

ಅವಳು ಚೀಲದಿಂದ ಹಾಜರಿ ಪುಸ್ತಕ ತೆಗೆದು ಕೊನೆಯ ಖಾಲಿ ಹಾಳೆ ಹರಿದು ಕೊಟ್ಟಳು.

"ಹಂಗಾದ್ರ ಅದನ್ನೂ ಬರದು ಕೊಡ್ರಿ. ನನ್ನ ಮಗನಿಗೆ ತೋರಸ್ತೀನಿ."

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಷಡ್ಡಕನ ಹೆಸರು ಬರೆದೆ, ನನ್ನದನ್ನೂ ಬರೆದೆ, ಸಹಿ ಹಾಕಿದೆ. ಅವಳು ಪೂರ್ತಿ ಓದಿ, ಮಡಚಿ ಚೀಲದಲ್ಲಿಟ್ಟುಕೊಂಡಳು. ಬಸ್ಸು ಬಂತು. ಹೋಗಿ ಬರುತ್ತೇನೆ ಎಂದು ಕೂಡ ಹೇಳದೆ ಹತ್ತಿದಳು.