ಎರಡನೆಯ ಮಥುರಾಬಾಯಿ

ಬೆಳಗಾದರೆ ಕೂಸಿಗೆ ಹೆಸರಿಡಬೇಕು. ಮಥುರಾಬಾಯಿ ಮಾತ್ರ ಹಿತ್ತಲ ಕಟ್ಟೆಯ ಮೇಲೆ ಕೂತು, ಹಸನು ಮಾಡಿಟ್ಟ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಹಸನು ಮಾಡುತ್ತಿದ್ದಳು. ಸೊಸೆಗೆ ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಉಳಿದಿರಲಿಲ್ಲ. ಹನ್ನೊಂದು ದಿನದಿಂದ ಎಣ್ಣೆ, ಎರೆಯುವ ನೀರು, ಖಾರ, ಧೂಪ ಎಲ್ಲವೂ ಐವತ್ತಾರು ವರ್ಷದ ಇವಳ ಮೈಮೇಲೆಯೇ. ಸೊಂಟ ಬಿದ್ದುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಹಣ್ಣು ಮಾಡಿದ್ದು ನಾಳೆ ಇಡಬೇಕಾದ ಹೆಸರು.

ಆ ಮನೆಯಲ್ಲಿ ಬಾಯಿಗೆ ಬಂದ ಹೆಸರನ್ನು ಇಡುವಂತಿರಲಿಲ್ಲ. ಹಿರಿಯರು ಗೋವೆಯವರು. ಪೋರ್ಚುಗೀಜ ಫಿರಂಗಿಯವರ ಕಾಟ ತಾಳದೆ ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು ಕಡಲಗುಂಟ ಕುಮಟೆಗೆ ಬಂದವರು. ಗುಡಿ ಹಿಂದೆ ಉಳಿಯಿತು, ದೇವರ ಹೆಸರುಗಳು ಮಕ್ಕಳಿಗೆ ಬಂದವು: ಮಂಗೇಶ, ನಾಗೇಶ, ಶಾಂತೇರಿ, ಮ್ಹಾಳಸಾ. ಘಟ್ಟದ ಮೇಲಿನ ಹತ್ತಿ, ಮೆಣಸಿನಕಾಯಿ ಬಂಡಿಯಲ್ಲಿ ಕುಮಟೆಯ ಬಂದರಿಗೆ ಇಳಿಯುತ್ತಿದ್ದ ಕಾಲದಲ್ಲಿ, ಅದೇ ಬಂಡಿಗಳ ಬೆನ್ನು ಹತ್ತಿ ಈ ಮನೆತನ ಬ್ಯಾಡಗಿಗೆ ಏರಿತು. ಮೇಲಿನ ಪೇಟೆಗಳಲ್ಲಿ ಮರಾಠಿಯ ದರ್ಬಾರು. ಅಲ್ಲಿ ತಲೆಯೆತ್ತಿ ವ್ಯಾಪಾರ ಮಾಡಬೇಕೆಂದರೆ ಗಂಡಸರ ಹೆಸರಿಗೊಂದು ‘ಜಿ’, ಹೆಂಗಸರ ಹೆಸರಿಗೊಂದು ‘ಬಾಯಿ’ ಬೇಕೆನಿಸಿತು. ಬರಬರುತ್ತ ಮನೆಯ ಕೊಂಕಣಿಯೂ ಸವೆದು, ತಾಯಿಯನ್ನು ಕರೆಯುವ ‘ಆಯಿ’ಯೊಂದೇ ಉಳಿಯಿತು. ಬಿಡದೆ ನಡೆಸಿಕೊಂಡು ಬಂದ ಪದ್ಧತಿಯೂ ಒಂದಿತ್ತು. ಮಗನ ಮೊದಲ ಮಗಳಿಗೆ ಅಜ್ಜಿಯ ಹೆಸರಿಡಬೇಕು.

ಈ ಅಜ್ಜಿಗೆ ಕುಮಟೆಯ ತವರಿನಲ್ಲಿ ಇಟ್ಟ ಹೆಸರು ಮ್ಹಾಳಸಾ. ಐವತ್ತೆರಡನೆಯ ಇಸವಿಯಲ್ಲಿ, ಹತ್ತೊಂಬತ್ತು ತುಂಬಿದಾಗ, ಬ್ಯಾಡಗಿಯ ಅಣ್ಣಾಜಿಗೆ ಕೊಟ್ಟರು. ಮದುವೆಯಲ್ಲಿ ಗಂಡ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಅವಳ ಹೊಸ ಹೆಸರು ಬರೆದ. ಎಲ್ಲಿಯೂ ತಡೆಯದೆ ಸರಸರ ಬರೆದ. ಕೈಗೆ ಆ ಹೆಸರು ರೂಢಿಯಾಗಿತ್ತು. ಮೂರು ತಿಂಗಳ ಹಿಂದೆ ಹೆರಿಗೆಯಲ್ಲಿ ತೀರಿಕೊಂಡ ಅವನ ಮೊದಲ ಹೆಂಡತಿಯೂ ಮಥುರಾಬಾಯಿಯೇ.

ಅತ್ತೆ ಪದ್ಮಾಬಾಯಿ ಬಂದವರಿಗೆಲ್ಲ ಒಂದು ಕಾರಣ ಹೇಳಿದಳು. ಮ್ಹಾಳಸಾ ಎಂದರೆ ಕಡಲಿನವರಿಗೆ ನಾರಾಯಣನ ಮೋಹಿನೀರೂಪ. ಆದರೆ ಈ ಸೀಮೆಯಲ್ಲಿ ಆಕೆ ದೇವರಗುಡ್ಡದ ಮಾಲತೇಶನ ಹೆಂಡತಿ, ಅವನ ಹೆಸರಲ್ಲಿ ಭಿಕ್ಷೆ ಬೇಡುವ ಗೊರವರ ಮನೆಯ ಹುಡುಗಿಯನ್ನು ತಂದಿದ್ದಾರೆಂದು ಪೇಟೆ ಆಡಿಕೊಳ್ಳುತ್ತದೆ ಎಂದಳು. ನಿಜವಾದ ಕಾರಣ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿತ್ತು. ತಾಯಿಯ ಹೆಸರು ಬದಲಾಗದಿದ್ದರೆ ಆ ಮೂರು ತಿಂಗಳ ಪ್ರಭಾಕರನಿಗೆ ತಾಯಿಯೂ ಬದಲಾಗುವುದಿಲ್ಲ. ಮರುವರ್ಷ ಅಂಗಡಿ ಸಹಿತ ಸಂಸಾರ, ಮೊದಲಿನವಳನ್ನು ಕಂಡವರಿಲ್ಲದ ರಾಣೆಬೆನ್ನೂರಿಗೆ ಬಂತು. ಮಥುರಾಬಾಯಿಯ ಮಗ ಎಂದು ಯಾರು ಹೇಳಿದರೂ ಅದು ಸುಳ್ಳಾಗಲಿಲ್ಲ, ಶಾಲೆಯ ದಾಖಲೆಯೂ ಸುಳ್ಳಾಗಲಿಲ್ಲ. ಪದ್ಮಾಬಾಯಿಯಂಥ ತಲೆಯಿದ್ದ ಹೆಂಗಸನ್ನು ಅಡಿಗೆಮನೆಯಲ್ಲಿ ಕೂಡಿಸಿದ್ದೇ ತಪ್ಪು, ಮಾಮಲೇದಾರಳನ್ನಾಗಿ ಮಾಡಬೇಕಿತ್ತು.

ಹೊಸ ಮಥುರಾಬಾಯಿಯ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಅಣ್ಣಾಜಿ ಹೆಂಡತಿಯನ್ನು ಹೆಸರು ಹಿಡಿದು ಕರೆಯುವವನೂ ಅಲ್ಲ. ‘ಕೇಳಿಸ್ತೇನು’ ಎನ್ನುವುದೇ ಅವಳ ಹೆಸರಾಗಿತ್ತು. ಒಮ್ಮೆ ವಿಷಮಜ್ವರದಲ್ಲಿ ಮಾತ್ರ ಅವನು ‘ಮಥುರಾ’ ಎಂದು ಕರೆದ, ಅವಳು ಎಂದೂ ಕೇಳದಿದ್ದ ಮೆತ್ತನೆಯ ದನಿಯಲ್ಲಿ. ಯಾವ ಮಥುರಾ ಎಂದು ಕೇಳದೆ ಅವಳು ಬಾಯಿಗೆ ನೀರು ಹಾಕಿದಳು. ಹಲಗೇರಿಯಿಂದ ಬದನೆಕಾಯಿ ಹೊತ್ತು ತರುವ ಭರಮವ್ವನಿಗೆ ಒಂದು ದಿನ ಯಾಕೋ ತನ್ನ ತವರಿನ ಹೆಸರು ಹೇಳಿಬಿಟ್ಟಳು. “ಅದು ನಮ್ಮ ಗುಡ್ಡದ ಮಾಳವ್ವನ ಹೆಸರಲ್ಲೇನ್ರಿ” ಎಂದು ಭರಮವ್ವ ಬುಟ್ಟಿ ಇಳಿಸಿ ಕೈಮುಗಿದಳು. ಅಂದಿನಿಂದ ಹಿತ್ತಲ ಬಾಗಿಲಲ್ಲಿ ನಿಂತು ‘ಮಾಳವ್ವಾರ’ ಎಂದೇ ಕೂಗುವಳು. ಆ ಕೂಗಿಗಾಗಿ ಮಥುರಾಬಾಯಿ ಬೇಡದ ದಿನವೂ ಬದನೆಕಾಯಿ ಕೊಂಡಿದ್ದುಂಟು.

ಅತ್ತೆ ಹೋದಳು, ಗಂಡನೂ ಹೋದ. ಪ್ರಭಾಕರ ಕಾಲೇಜಿನಲ್ಲಿ ಮೇಷ್ಟ್ರಾದ, ಮದುವೆಯಾಗಿ ಹನ್ನೆರಡು ವರ್ಷ ಮಕ್ಕಳಿಲ್ಲದೆ ಕೊರಗಿದ. ಎಂಬತ್ತೊಂಬತ್ತರಲ್ಲಿ ಹೆಣ್ಣು ಹುಟ್ಟಿತೆಂದು ಸುದ್ದಿ ಬಂದಾಗ ಮಥುರಾಬಾಯಿಗೆ ಮೊದಲು ಆದ ಸಂತೋಷ ಕೂಸಿನದಲ್ಲ, ತನ್ನ ಹೆಸರಿನದು. ಅದಕ್ಕಾಗಿ ಆಮೇಲೆ ನಾಚಿಕೊಂಡಳು. ಆದರೂ ಆಸೆ ಹೋಗಲಿಲ್ಲ. ಮ್ಹಾಳಸಾ ಎಂಬುದು ಈ ಮನೆಯಲ್ಲಿ ಉಳಿಯಲು ಇದೊಂದೇ ದಾರಿ. ಬಾಯಿ ಬಿಟ್ಟು ಕೇಳುವುದು ಮಾತ್ರ ಆಗಿರಲಿಲ್ಲ.

ಕೇಳುವ ತೊಂದರೆಯನ್ನು ಮಗನೇ ತಪ್ಪಿಸಿದ. ಮಧ್ಯಾಹ್ನ ಕಾಲೇಜಿನಿಂದ ಬಂದವನು ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತ.

“ಆಯಿ, ನಾಳೆ ನಿನ್ನ ಹೆಸರು ಇಡಬೇಕಲ್ಲ. ಮಥುರಾ ಅಂಬೋದು ಈ ಮನ್ಯಾಗ ಇಟ್ಟದ್ದು. ತವರಮನ್ಯಾಗ ನಿನಗ ಏನಂತ ಕರೀತಿದ್ರು? ಅದನ್ನ ಇಡೋಣು ಅಂತ ಇಬ್ಬರೂ ಮಾತಾಡೇವಿ.”

ಮೂವತ್ತೇಳು ವರ್ಷದಲ್ಲಿ ಆ ಮನೆಯ ಯಾರೂ ಇದನ್ನು ಕೇಳಿರಲಿಲ್ಲ. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಮುಗಿಯಿತು, ಯಾವ ಗುಟ್ಟೂ ಒಡೆಯುವುದಿಲ್ಲ, ಯಾರಿಗೂ ನೋವಾಗುವುದಿಲ್ಲ. ಯಾರಿಗೂ ಎಂದರೆ ಬದುಕಿದ್ದವರಿಗೆ.

ಒಳಗೆ ಕೂಸು ಅತ್ತಿತು. ಅದು ಆ ಇನ್ನೊಬ್ಬ ಮಥುರಾಬಾಯಿಯ ಮೊಮ್ಮಗಳು. ಪಕ್ಕದಲ್ಲಿ ಕೂತವನು ಅವಳ ಮಗ. ಅವನ ಮುಖವನ್ನಾದರೂ ಅವಳು ನೋಡಿ ಸತ್ತಳೋ ಇಲ್ಲವೋ. ಮಗು ಮುಂದೆ ಏನಾದರೂ ಕೇಳೀತೆಂದು ಪದ್ಮಾಬಾಯಿ ಗೋಡೆಯಿಂದ ಅವಳ ಫೋಟೋ ಇಳಿಸಿದಳು, ತಿಥಿ ಮಾಡುವುದನ್ನೂ ನಿಲ್ಲಿಸಿದಳು. ಇವಳಿಗೆ ದಿನಕ್ಕೆ ಹತ್ತು ಸಲ ‘ಆಯಿ’ ಎಂಬ ಕರೆ ಸಿಕ್ಕಿತು. ಅವಳಿಗೆ ವರ್ಷಕ್ಕೊಮ್ಮೆ ಎಳ್ಳುನೀರೂ ಸಿಗಲಿಲ್ಲ. ಮಥುರಾಬಾಯಿಗೆ ಸತ್ತವಳ ಮೇಲೆ ಸಿಟ್ಟು ಬಂತು. ಇಷ್ಟು ವರ್ಷವಾದರೂ ಇದೊಂದನ್ನು ಬಿಟ್ಟುಕೊಡಲಾರಳೇ ಎನಿಸಿತು. ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ಅದಕ್ಕೂ ತ್ರಾಣ ಬೇಕಲ್ಲ.

“ಮಥುರಾ ಅಂತನ ಇಡಪಾ” ಎಂದಳು. “ಅಕೀದೂ ಏನರ ಒಂದು ಉಳೀಲಿ.”

“ಅಕಿ ಅಂದ್ರ ಯಾರು?”

ಅವಳು ಮೊರ ಕೆಳಗಿಟ್ಟಳು. “ನಿನ್ನ ಆಯಿ.”

ಪ್ರಭಾಕರ ನಕ್ಕ. ಹನ್ನೊಂದು ದಿನ ದುಡಿದು ಬಳಲಿದ್ದೀ, ಸ್ವಲ್ಪ ಅಡ್ಡಾಗು ಎಂದು ಅವಳ ಹೆಗಲು ಮುಟ್ಟಿ ಎದ್ದುಹೋದ. ನಮ್ಮ ಆಯಿಗೆ ತನ್ನ ಹೆಸರಂದರೆ ಎಷ್ಟು ಪ್ರೀತಿ ನೋಡು ಎಂದು ಅವನು ಹೆಂಡತಿಗೆ ಹೇಳುತ್ತಿದ್ದುದು ಹಿತ್ತಲಿನವರೆಗೂ ಕೇಳಿಸಿತು.